ನಡುದಾರಿಯಲ್ಲಿ ನಿಂತ ಕಡತ

ಮುಂಬಯಿಯಲ್ಲಿ ಬೆಳೆಯುತ್ತಿರುವ ವಿದ್ಯಾರ್ಥಿಗಳಿಗೆ ಡಬ್ಬಾವಾಲರ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಮನೆಯಲ್ಲಿ ತುಂಬಿಸಿದ ಊಟದ ಡಬ್ಬಿಯು ಸೈಕಲ್ಲಿನ ಮೇಲೆ, ಲೋಕಲ್ ಗಾಡಿಯಲ್ಲಿ, ತಲೆಯ ಮೇಲೆ, ಹೀಗೆ ಹಲವು ಕೈಗಳನ್ನು ದಾಟಿ ಕಚೇರಿಯ ಬಾಗಿಲನ್ನು ಮುಟ್ಟುತ್ತದೆ. ದಾರಿಯಲ್ಲಿ ಯಾರೂ ಮುಚ್ಚಳವನ್ನು ತೆರೆದು ಒಳಗೆ ಪಲ್ಯವಿದೆಯೋ ಹುಳಿಯಿದೆಯೋ ಎಂದು ನೋಡುವುದಿಲ್ಲ. ಅವರು ನೋಡುವುದು ಮುಚ್ಚಳದ ಮೇಲೆ ಬಣ್ಣದಿಂದ ಬರೆದ ಕೆಲವು ಅಕ್ಷರಗಳನ್ನು, ಕೆಲವು ಅಂಕಿಗಳನ್ನು ಮಾತ್ರ. ಆ ಗುರುತು ಅಳಿಸಿಹೋದರೆ ಅಡಿಗೆ ಎಷ್ಟೇ ರುಚಿಯಾಗಿದ್ದರೂ ಅದು ಹಸಿದವನ ಬಳಿಗೆ ತಲುಪಲಾರದು.

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಡತವನ್ನು ಕಳುಹಿಸುವಾಗಲೂ ವ್ಯವಸ್ಥೆಯು ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ಕಡತದ ಒಡಲು ಬೇರೆ, ಅದರ ಮೇಲಿನ ಗುರುತು ಬೇರೆ. ಈ ಗುರುತುಗಳನ್ನು ಹೆಡರುಗಳೆಂದು ಕರೆಯುತ್ತಾರೆ. ಒಂದೊಂದು ಹೆಡರಿಗೂ ಒಂದು ಹೆಸರು, ಅನಂತರ ಎರಡು ಚುಕ್ಕೆ, ಅನಂತರ ಒಂದು ಬೆಲೆ; ಅಷ್ಟೇ ಅದರ ಆಕಾರ. ತಲೆಬರಹಗಳೆಂದು ಕನ್ನಡದಲ್ಲಿ ಹೇಳಬಹುದು. ತಲೆಬರಹವೆಂದರೆ ಹಣೆಬರಹವಲ್ಲ, ತಪ್ಪಿದ್ದರೆ ತಿದ್ದಬಹುದು. ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯಲ್ಲಿ ಅಂಥ ತಿದ್ದುಪಡಿಯೊಂದನ್ನು ಮಾಡುವ ಪ್ರಸಂಗ ಬಂದಿತು. ಅದನ್ನು ಹೇಳುವುದರ ಮೂಲಕ ಈ ವಿಷಯವನ್ನು ವಿವರಿಸಬೇಕೆಂದು ನಾವು ಬಯಸಿದ್ದೇವೆ.

ನಮ್ಮ ಈ ವಾರ್ಷಿಕ ಸಂಚಿಕೆಯ ಹಳೆಯ ಪ್ರತಿಗಳು ಶಾಲೆಯಲ್ಲಿ ಉಳಿದಿಲ್ಲವೆಂಬುದು ಹಲವರಿಗೆ ತಿಳಿಯದು. ೨೦೦೫ನೆಯ ಇಸವಿ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತಷ್ಟೆ. ಅಂದು ನೆಲಮಹಡಿಯ ಕಪಾಟಿನಲ್ಲಿದ್ದ ಸಂಚಿಕೆಗಳೆಲ್ಲ ನೀರುಂಡು ಮುದ್ದೆಯಾದುವು. ಹೀಗಿರಲು ನಮ್ಮ ಹಳೆಯ ವಿದ್ಯಾರ್ಥಿಗಳಾದ ವೃದ್ಧರೊಬ್ಬರು ತಮ್ಮ ಮನೆಯಲ್ಲಿ ೧೯೫೬ರಿಂದ ೧೯೬೭ರವರೆಗಿನ ಹನ್ನೆರಡು ಸಂಚಿಕೆಗಳನ್ನು ರಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆಂದು ತಿಳಿಯಿತು. ಅವರು ಅವನ್ನು ಹದಿನೈದು ದಿನಗಳ ಮಟ್ಟಿಗೆ ಕೊಟ್ಟರು. ಕಾಗದ ಹಪ್ಪಳದಂತಾಗಿತ್ತು, ಒಂದು ಹಾಳೆಯನ್ನು ಎರಡನೆಯ ಸಲ ಮಗುಚುವ ಧೈರ್ಯ ನಮಗಿರಲಿಲ್ಲ. ಒಂಬತ್ತು, ಹತ್ತನೆಯ ಇಯತ್ತೆಯ ಮಕ್ಕಳು ಸಂಜೆ ಉಳಿದುಕೊಂಡು ಪುಟಪುಟವನ್ನೂ ಸ್ಕ್ಯಾನ್ ಮಾಡಿ ಒಂದೇ ಕಡತವಾಗಿ ಹೊಂದಿಸಿದರು. ಅದರ ಗಾತ್ರ ೪೮,೨೩,೫೧,೬೧೭ ಬೈಟುಗಳು. ಅದು ಇದ್ದುದು ಶಾಲೆಯ ಹಳೆಯ ಕಂಪ್ಯೂಟರೊಂದರಲ್ಲಿ. ಆ ಕಂಪ್ಯೂಟರು ಆಗಾಗ ತಾನಾಗಿಯೇ ಕಣ್ಣು ಮುಚ್ಚುವ ಅಭ್ಯಾಸವುಳ್ಳದ್ದು. ಆದುದರಿಂದ ಆದಷ್ಟು ಬೇಗ ಇನ್ನೊಂದು ಪ್ರತಿಯನ್ನು ದೂರದ ಸರ್ವರೊಂದರಲ್ಲಿ ಇರಿಸಬೇಕಾಗಿತ್ತು. ಹಳೆಯ ವಿದ್ಯಾರ್ಥಿಯೊಬ್ಬರು ಸರ್ವರಿನಲ್ಲಿ ಸ್ಥಳವನ್ನೂ, ಬ್ರೌಸರಿನಿಂದಲೇ ಕಡತವನ್ನು ಏರಿಸುವ ಪುಟ್ಟ ಪ್ರೋಗ್ರಾಮನ್ನೂ ಸಿದ್ಧಮಾಡಿ ಕೊಟ್ಟರು.

ಕಂಪ್ಯೂಟರುಗಳ ಈ ಸಂಭಾಷಣೆಗೆ ಎಚ್‌ಟಿಟಿಪಿ ಎಂಬ ನಿಯಮಾವಳಿಯುಂಟು. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ಮುಂದಿಟ್ಟ ಯೋಜನೆಯಿಂದ ಅದು ಬೆಳೆಯಿತು. ಅದರ ಮೊಟ್ಟಮೊದಲ ರೂಪದಲ್ಲಿ ಹೆಡರುಗಳೇ ಇರಲಿಲ್ಲ. ‘ಇಂಥ ಪುಟವನ್ನು ಕೊಡು’ ಎಂಬ ಒಂದು ಸಾಲಿನಲ್ಲಿ ಕೋರಿಕೆ ಮುಗಿಯುತ್ತಿತ್ತು. ೧೯೯೬ರಲ್ಲಿ ಪ್ರಕಟವಾದ ೧.೦ ಆವೃತ್ತಿಯ ವಿವರಣೆಯಲ್ಲಿ ಹೆಡರುಗಳು ಸ್ಥಾನ ಪಡೆದುವು. ಮರುವರ್ಷದ ೧.೧ ಆವೃತ್ತಿಯಲ್ಲಿ, ಕಡತವನ್ನು ಇಳಿಸಿಕೊಳ್ಳುವವನು ‘ಇಷ್ಟನೆಯ ಬೈಟಿನಿಂದ ಮುಂದಕ್ಕೆ ಕೊಡು’ ಎಂದು ಕೇಳುವುದಕ್ಕೆ ವಿಧಿ ಏರ್ಪಟ್ಟಿತು. ಏರಿಸುವವನಿಗೆ ಮಾತ್ರ ಅಂಥ ಸೌಕರ್ಯ ಒದಗಲಿಲ್ಲ. ಕಳುಹಿಸುತ್ತಿರುವಾಗ ತಂತು ಕಡಿದರೆ ಮೊದಲಿನಿಂದಲೇ ಕಳುಹಿಸಬೇಕು. ಈ ಕೊರತೆಯನ್ನು ನೀಗಲು ಬೇರೆ ಬೇರೆಯವರು ಬೇರೆ ಬೇರೆ ಒಡಂಬಡಿಕೆಗಳನ್ನು ಮಾಡಿಕೊಂಡರು. ನಮ್ಮ ಪ್ರೋಗ್ರಾಮು ಅನುಸರಿಸಿದ್ದು ಟಸ್ ಎಂಬ ತೆರೆದ ಒಡಂಬಡಿಕೆಯನ್ನು.

ಮೊದಲ ಸಂಜೆ ಒಂದು ಬೈಟೂ ಹೊರಡಲಿಲ್ಲ. ಗುಂಡಿಯನ್ನೊತ್ತಿದೊಡನೆ ಪ್ರೋಗ್ರಾಮು ದೋಷವೆಂದು ಕೂಗಿ ನಿಂತಿತು. ಕಾರಣವು ಕಡತದ ಹೆಸರಿನಲ್ಲಿತ್ತು. ಮಕ್ಕಳು ಕಡತಕ್ಕೆ ಕನ್ನಡದಲ್ಲಿಯೇ ಹೆಸರಿಟ್ಟಿದ್ದರು. ಹೆಸರು ಒಡಲಿನಲ್ಲಿ ಹೋಗುವುದಿಲ್ಲ, ಹೆಡರಿನಲ್ಲಿ ಹೋಗಬೇಕು. ಹೆಡರುಗಳಾದರೋ ಇಂಗ್ಲಿಷಿನ ಮೂಲ ಅಕ್ಷರ, ಅಂಕಿ, ಚಿಹ್ನೆಗಳನ್ನಷ್ಟೇ ನೆಮ್ಮದಿಯಾಗಿ ಹೊತ್ತೊಯ್ಯಬಲ್ಲವು. ಆದುದರಿಂದ ಟಸ್ ಒಡಂಬಡಿಕೆಯಲ್ಲಿ ಹೆಸರನ್ನು ಬೇಸ್೬೪ ಎಂಬ ರೀತಿಯಿಂದ ಸಾದಾ ಅಕ್ಷರಗಳಿಗೆ ಪರಿವರ್ತಿಸಿ ‘ಅಪ್‌ಲೋಡ್-ಮೆಟಾಡೇಟಾ’ ಎಂಬ ಹೆಡರಿನಲ್ಲಿ ಬರೆಯಬೇಕೆಂದಿದೆ. ಪರಿವರ್ತಿಸಲು ಬ್ರೌಸರಿನಲ್ಲಿರುವ ಹಳೆಯ ಸಾಧನವು ೨೫೫ಕ್ಕಿಂತ ಹೆಚ್ಚಿನ ಸಂಕೇತಸಂಖ್ಯೆಯನ್ನು ಕಂಡರೆ ಒಪ್ಪುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಕೇರಿ ಆರಂಭವಾಗುವುದೇ ೩೨೦೦ರಿಂದ. ‘ಶ’ ಅಕ್ಷರದ ಸಂಖ್ಯೆ ೩೨೫೪.

ಇಲ್ಲಿ ಸ್ವಲ್ಪ ನಿಂತು ನೋಡುವುದು ಲಾಭಕರ. ‘ಶಾಲೆ’ ಎಂಬ ಪದವನ್ನು ತೆಗೆದುಕೊಳ್ಳಿರಿ. ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಶ, ಅದರ ದೀರ್ಘದ ಗುರುತು, ಲ, ಅದರ ಎತ್ವದ ಗುರುತು ಎಂದು ನಾಲ್ಕು. ತಂತಿಯ ಮೇಲೆ ಹೊರಡುವಾಗ ಯುಟಿಎಫ್-೮ ಕ್ರಮದಂತೆ ಒಂದೊಂದಕ್ಕೂ ಮೂರು ಬೈಟು ಬೇಕಾಗುವುದರಿಂದ ಒಟ್ಟು ಹನ್ನೆರಡು. ಬೇಸ್೬೪ ಮಾಡಿದ ಮೇಲೆ ಹದಿನಾರು. ಎರಡು, ನಾಲ್ಕು, ಹನ್ನೆರಡು, ಹದಿನಾರು: ಯಾವ ಲೆಕ್ಕ ಕೇಳಿದ್ದಾರೆಂಬುದನ್ನು ಅರಿಯದೆ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಒಡಲಿನ ಉದ್ದವನ್ನು ಹೇಳುವ ‘ಕಂಟೆಂಟ್-ಲೆಂಗ್ತ್’ ಎಂಬ ಹೆಡರು ಕೇಳುವುದು ಬೈಟುಗಳನ್ನು. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒಂದೇ ಬೈಟಾದುದರಿಂದ, ಅಕ್ಷರಗಳನ್ನೆಣಿಸಿ ಬರೆದ ಪ್ರೋಗ್ರಾಮು ವರ್ಷಗಟ್ಟಲೆ ಸರಿಯಾಗಿಯೇ ನಡೆದು, ಮೊದಲ ಕನ್ನಡ ಪಠ್ಯ ಬಂದ ದಿನ ಮುಗ್ಗರಿಸುವುದುಂಟು. ಬ್ರೌಸರಿನಲ್ಲಿ ಈ ಹೆಡರನ್ನು ಬ್ರೌಸರು ತಾನೇ ಬರೆಯುತ್ತದೆ. ಪ್ರೋಗ್ರಾಮಿಗೆ ಅದನ್ನು ಮುಟ್ಟುವ ಅಧಿಕಾರವಿಲ್ಲ. ಅಷ್ಟು ಮಟ್ಟಿಗೆ ನಾವು ಸುರಕ್ಷಿತರು.

ಕಡತದ ಹೆಸರನ್ನು ಇಂಗ್ಲಿಷಿಗೆ ಬದಲಾಯಿಸಿದರೆ ಕೆಲಸ ಸಾಗುವುದೆಂದು ಒಬ್ಬರು ಸೂಚಿಸಿದರು. ಸಾಗುತ್ತಿತ್ತೆಂಬುದು ನಿಜವೇ. ಆದರೆ ಕನ್ನಡ ಶಾಲೆಯ ಸಂಚಿಕೆಯ ಹೆಸರನ್ನು ಹೊರಲಾರದ ಪ್ರೋಗ್ರಾಮಿಗಾಗಿ ಸಂಚಿಕೆಯ ಹೆಸರನ್ನು ಬದಲಿಸುವುದು ನಮಗೆ ಸರಿದೋರಲಿಲ್ಲ. ಹೆಸರನ್ನು ಮೊದಲು ಯುಟಿಎಫ್-೮ ಬೈಟುಗಳಾಗಿ ಒಡೆದು, ಆಮೇಲೆ ಬೇಸ್೬೪ ಮಾಡುವಂತೆ ತಿದ್ದಿಸಿದೆವು. ಕಡತ ಹೊರಟಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಟಸ್ ಒಡಂಬಡಿಕೆಯಲ್ಲಿ ಕಳುಹಿಸುವವನು ಮೊದಲು ‘ಪೋಸ್ಟ್’ ಎಂಬ ಕೋರಿಕೆಯಿಂದ, ‘ಇಷ್ಟು ಬೈಟುಗಳ ಕಡತವೊಂದು ಬರಲಿದೆ’ ಎಂದು ‘ಅಪ್‌ಲೋಡ್-ಲೆಂಗ್ತ್’ ಹೆಡರಿನಲ್ಲಿ ತಿಳಿಸುತ್ತಾನೆ. ಸರ್ವರು ೨೦೧ ಎಂಬ ಅಂಕಿಯೊಡನೆ ಉತ್ತರಿಸಿ, ‘ಲೊಕೇಶನ್’ ಹೆಡರಿನಲ್ಲಿ ಒಂದು ವಿಳಾಸವನ್ನು ಕೊಡುತ್ತದೆ. ಅನಂತರ ಕಳುಹಿಸುವವನು ಆ ವಿಳಾಸಕ್ಕೆ ‘ಪ್ಯಾಚ್’ ಕೋರಿಕೆಗಳಿಂದ ತುಂಡುತುಂಡಾಗಿ ಕಡತವನ್ನು ಕಳುಹಿಸುತ್ತಾನೆ. ಪ್ರತಿ ತುಂಡಿನ ತಲೆಯ ಮೇಲೂ ‘ಅಪ್‌ಲೋಡ್-ಆಫ್‌ಸೆಟ್’ ಎಂಬ ಹೆಡರಿರಬೇಕು. ಈ ತುಂಡು ಎಷ್ಟನೆಯ ಬೈಟಿನಿಂದ ಆರಂಭವಾಗುತ್ತದೆಂಬುದು ಅದರ ಅರ್ಥ. ನಮ್ಮ ತುಂಡುಗಳು ತಲಾ ೫೨,೪೨,೮೮೦ ಬೈಟುಗಳವು. ಭಾಗಿಸಿ ನೋಡಿದರೆ ೯೨ ಪೂರ್ಣ ತುಂಡುಗಳು, ಕೊನೆಗೆ ೬,೬೫೭ ಬೈಟುಗಳ ಒಂದು ಚೂರು.

ತಂತು ಕಡಿದಾಗ ಏನು ಮಾಡಬೇಕು? ಈ ಪದ್ಧತಿಯ ಜೀವಾಳವಿರುವುದು ಇಲ್ಲಿಯೇ. ಕಳುಹಿಸುವವನು ತನ್ನ ನೆನಪನ್ನು ನಂಬಬಾರದು. ಅರವತ್ತು ತುಂಡುಗಳಿಗೆ ರಸೀದಿ ಬಂದಿದೆ, ಅರವತ್ತೊಂದನೆಯದು ಹೋಗುತ್ತಿರುವಾಗ ದೀಪ ಆರಿತು ಎಂದಿಟ್ಟುಕೊಳ್ಳಿರಿ. ಅದರಲ್ಲಿ ಎಷ್ಟು ಭಾಗ ಆಚೆಯ ದಡವನ್ನು ಸೇರಿತೆಂಬುದು ಈಚೆಯ ದಡದಲ್ಲಿರುವವನಿಗೆ ತಿಳಿಯುವ ಬಗೆಯಿಲ್ಲ. ಆದುದರಿಂದ ಅವನು ‘ಹೆಡ್’ ಎಂಬ ಕೋರಿಕೆಯನ್ನು ಕಳುಹಿಸಿ ಕೇಳಬೇಕು. ಹೆಡ್ ಎಂದರೆ ಒಡಲಿಲ್ಲದೆ ತಲೆಯನ್ನಷ್ಟೇ ತರುವ ಕೋರಿಕೆ. ಸರ್ವರು ತನ್ನಲ್ಲಿರುವ ಲೆಕ್ಕವನ್ನು ಅದೇ ‘ಅಪ್‌ಲೋಡ್-ಆಫ್‌ಸೆಟ್’ ಹೆಡರಿನಲ್ಲಿ ಬರೆದು ಕಳುಹಿಸುತ್ತದೆ. ಅಲ್ಲಿಂದ ಮುಂದುವರಿಯಬೇಕು. ಸರ್ವರಿನ ಲೆಕ್ಕಕ್ಕೆ ಹೊಂದದ ಅಂಕಿಯನ್ನು ಬರೆದ ತುಂಡು ಬಂದರೆ ಅದು ೪೦೯ ಎಂದು ಹೇಳಿ ತಿರಸ್ಕರಿಸುತ್ತದೆ. ಕಠಿಣವೆನಿಸಬಹುದು; ಆದರೆ ತಪ್ಪಾದ ಜಾಗದಲ್ಲಿ ಅಂಟಿಸಿದ ಪುಟಕ್ಕಿಂತ ತಿರಸ್ಕರಿಸಿದ ಪುಟವೇ ಮೇಲು.

ಎಣಿಕೆಯ ಬಗ್ಗೆ ಒಂದು ಎಚ್ಚರಿಕೆ. ಪುಸ್ತಕದ ಹತ್ತನೆಯ ಪುಟದಿಂದ ಇಪ್ಪತ್ತನೆಯ ಪುಟದವರೆಗೆ ಓದಿಕೊಂಡು ಬನ್ನಿರೆಂದರೆ ಎಷ್ಟು ಪುಟವಾಯಿತು? ಹತ್ತು ಎನ್ನುವವರು ಪ್ರತಿ ತರಗತಿಯಲ್ಲಿಯೂ ಇದ್ದಾರೆ. ಸರಿಯಾದ ಉತ್ತರ ಹನ್ನೊಂದು. ಬೈಟುಗಳ ಕ್ರಮಸಂಖ್ಯೆ ಸೊನ್ನೆಯಿಂದ ಆರಂಭವಾಗುತ್ತದೆಂಬುದು ಇನ್ನೊಂದು ತೊಡಕು. ಗೂಗಲ್ ಸಂಸ್ಥೆಯ ಸೇವೆಗಳಲ್ಲಿರುವ ಪದ್ಧತಿಯಲ್ಲಿ ‘ಕಂಟೆಂಟ್-ರೇಂಜ್’ ಎಂಬ ಹೆಡರಿನಲ್ಲಿ ತುಂಡಿನ ಮೊದಲ ಬೈಟು, ಕೊನೆಯ ಬೈಟು, ಒಟ್ಟು ಗಾತ್ರ ಮೂರನ್ನೂ ಬರೆಯುತ್ತಾರೆ. ಸರ್ವರು ೩೦೮ ಎಂಬ ಅಂಕಿಯೊಡನೆ ‘೦-೪೨’ ಎಂದು ಉತ್ತರಿಸಿದರೆ ಅದರ ಬಳಿ ೪೩ ಬೈಟುಗಳಿವೆಯೆಂದು ಅರ್ಥ. ಮುಂದಿನ ತುಂಡು ೪೩ರಿಂದ ಹೊರಡಬೇಕು. ೪೨ರಿಂದ ಹೊರಟವರೂ ೪೪ರಿಂದ ಹೊರಟವರೂ ಕಡಿಮೆಯಿಲ್ಲ. ಟಸ್ ಪದ್ಧತಿಯಲ್ಲಿ ಈ ಕೂಡಿಸುವ ತಾಪತ್ರಯವಿಲ್ಲ. ಸೊನ್ನೆಯಿಂದ ಎಣಿಸುವುದರಿಂದ, ಬಂದಿರುವ ಬೈಟುಗಳ ಸಂಖ್ಯೆಯೂ ಬರಬೇಕಾದ ಮುಂದಿನ ಬೈಟಿನ ಕ್ರಮಸಂಖ್ಯೆಯೂ ಒಂದೇ ಆಗಿಬಿಡುತ್ತದೆ. ನಮಗೆ ಇದು ಹೆಚ್ಚು ಸುಂದರವಾಗಿ ತೋರುತ್ತದೆ.

ಇಷ್ಟೆಲ್ಲ ಇದ್ದೂ ನಮ್ಮ ಕಡತವು ಗುರಿ ಸೇರಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಶಾಲೆಯ ಸಂಪರ್ಕ ಗಂಟೆಗೊಮ್ಮೆಯಾದರೂ ಕಡಿಯುತ್ತಿತ್ತು. ಅರ್ಧ ದಾಟಿದ ಪಟ್ಟಿಯು ಸಂಪರ್ಕ ಮರಳಿದೊಡನೆ ಸೊನ್ನೆಗೆ ಬಂದು ನಿಲ್ಲುತ್ತಿತ್ತು. ಮೂರು ಸಂಜೆಗಳು ಹೀಗೆ ಕಳೆದುವು. ನಾವು ತಂತಿಯನ್ನು ಬದಲಿಸಿದೆವು. ತುಂಡುಗಳನ್ನು ಚಿಕ್ಕದು ಮಾಡಿದೆವು. ಬೇರೆ ಬ್ರೌಸರನ್ನು ಹಿಡಿದೆವು. ಇವೆಲ್ಲ ಊಹೆಯ ಮೇಲೆ ಮಾಡಿದ ಚಿಕಿತ್ಸೆಗಳು. ರೋಗಿಯ ನಾಡಿಯನ್ನು ಯಾರೂ ಹಿಡಿದು ನೋಡಿರಲಿಲ್ಲ. ಸಂಪುಟಗಳನ್ನು ಹಿಂದಿರುಗಿಸುವ ದಿನ ಹತ್ತಿರವಾಗುತ್ತಿತ್ತು. ನಡುವೆ ಒಂದು ಸಂಜೆ ಆ ಹಳೆಯ ಕಂಪ್ಯೂಟರು ಇಪ್ಪತ್ತು ನಿಮಿಷ ಏಳಲೇ ಇಲ್ಲ. ಆ ಇಪ್ಪತ್ತು ನಿಮಿಷ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ನಾಲ್ಕನೆಯ ದಿನ ನಾಡಿ ನೋಡಲು ಕುಳಿತೆವು. ಬ್ರೌಸರಿನಲ್ಲಿ ಎಫ್೧೨ ಕೀಲಿಯನ್ನೊತ್ತಿದರೆ ‘ನೆಟ್‌ವರ್ಕ್’ ಎಂಬ ಪುಟವೊಂದು ತೆರೆಯುತ್ತದೆ. ಹೋದ ಪ್ರತಿ ಕೋರಿಕೆ, ಬಂದ ಪ್ರತಿ ಉತ್ತರ, ಅವುಗಳ ಹೆಡರುಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಪ್ರೋಗ್ರಾಮು ಏನನ್ನು ಕಳುಹಿಸಬೇಕೆಂದುಕೊಂಡಿದೆಯೋ ಅದಲ್ಲ, ನಿಜವಾಗಿ ಏನು ಹೋಯಿತೋ ಅದು ಕಾಣುತ್ತದೆ. ಹೆಡರುಗಳ ಹೆಸರು ಅಲ್ಲಿ ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಕಂಡರೆ ಗಾಬರಿಯಾಗಬೇಕಾದುದಿಲ್ಲ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವನ್ನು ಹೆಡರಿನ ಹೆಸರುಗಳಲ್ಲಿ ಎಣಿಸುವುದಿಲ್ಲ. ಆ ಭೇದವೇ ಇಲ್ಲದ ಲಿಪಿಯವರಾದ ನಮಗೆ ಇದು ಸಹಜವೇ ಆಗಿದೆ. ಮಳೆಗಾಗಿ ಕಾಯಬೇಕಾಗಿಯೂ ಇರಲಿಲ್ಲ. ಅದೇ ಪುಟದಲ್ಲಿ ‘ಆಫ್‌ಲೈನ್’ ಎಂಬುದನ್ನು ಆರಿಸಿದರೆ ಬೇಕೆಂದಾಗ ಸಂಪರ್ಕವನ್ನು ಕಡಿದು, ಬೇಕೆಂದಾಗ ಜೋಡಿಸಬಹುದು. ಬೇಕಾದಾಗ ಮರಳಿ ತರಿಸಬಲ್ಲ ದೋಷವು ಅರ್ಧ ಹಿಡಿದ ದೋಷವೇ ಸರಿ.

ದೊಡ್ಡ ಕಡತವನ್ನೇ ಏರಿಸುತ್ತ, ಅರವತ್ತೊಂದನೆಯ ತುಂಡಿನ ನಡುವೆ ಸಂಪರ್ಕವನ್ನು ಕಡಿದೆವು, ಮತ್ತೆ ಜೋಡಿಸಿದೆವು. ಸಾಲಿನಲ್ಲಿ ಮೊದಲು ಒಂದು ಹೆಡ್ ಕೋರಿಕೆ ಕಂಡಿತು. ಅದಕ್ಕೆ ಬಂದ ಉತ್ತರದಲ್ಲಿ ‘ಅಪ್‌ಲೋಡ್-ಆಫ್‌ಸೆಟ್: ೩೧೬೨೦೮೧೩೭’ ಎಂದಿತ್ತು. ಅರವತ್ತು ತುಂಡುಗಳಿಗೆ ೩೧,೪೫,೭೨,೮೦೦ ಆಗಬೇಕಷ್ಟೆ. ಅರವತ್ತೊಂದನೆಯದರಿಂದಲೂ ೧೬,೩೫,೩೩೭ ಬೈಟುಗಳು ಆಚೆ ಸೇರಿದ್ದುವು. ಸರ್ವರಿನ ಲೆಕ್ಕ ಅಚ್ಚುಕಟ್ಟಾಗಿದೆ. ಅದರ ಕೆಳಗಿನ ಸಾಲು ನಮ್ಮ ಪ್ಯಾಚ್ ಕೋರಿಕೆ. ಅದನ್ನು ತೆರೆದ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಅವರು ಅಷ್ಟು ದೊಡ್ಡ ಅಂಕಿ ಹೇಳಿದ್ದಾರೆ. ನಾವು ಯಾಕೆ ಸೊನ್ನೆ ಅಂತ ಬರೆದು ಕಳಿಸ್ತಿದ್ದೇವೆ?”

ನೋಡಿದರೆ ನಿಜ. ‘ಅಪ್‌ಲೋಡ್-ಆಫ್‌ಸೆಟ್: ೦’. ಸರ್ವರು ೪೦೯ ಎಂದು ಅದನ್ನು ಹಿಂದಕ್ಕೆ ತಳ್ಳಿತ್ತು. ೪೦೯ನ್ನು ಕಂಡ ಪ್ರೋಗ್ರಾಮು ಹಳೆಯ ವಿಳಾಸವನ್ನು ಕೈಬಿಟ್ಟು, ಹೊಸ ಪೋಸ್ಟ್ ಕೋರಿಕೆಯಿಂದ ಹೊಸ ವಿಳಾಸವನ್ನು ಪಡೆದು ಸೊನ್ನೆಯಿಂದ ಆರಂಭಿಸಿತ್ತು. ಮೂರು ಸಂಜೆಗಳ ದುಡಿಮೆ ಏಕೆ ವ್ಯರ್ಥವಾಯಿತೆಂಬುದು ಮೂರು ಸಾಲುಗಳಲ್ಲಿ ಸ್ಪಷ್ಟವಾಯಿತು. ಆದರೆ ಸೊನ್ನೆ ಎಲ್ಲಿಂದ ಬಂದಿತು?

ಹಳೆಯ ಉತ್ತರವೊಂದು ದಾರಿಯಲ್ಲಿ ಎಲ್ಲಿಯೋ ಸಂಗ್ರಹವಾಗಿದ್ದು ಮತ್ತೆ ಬಂದಿರಬಹುದೇ ಎಂದು ಒಬ್ಬ ಹುಡುಗ ಶಂಕಿಸಿದನು. ಒಳ್ಳೆಯ ಶಂಕೆ, ಆದರೆ ಹೆಡ್ ಉತ್ತರದಲ್ಲಿ ‘ಕ್ಯಾಶ್-ಕಂಟ್ರೋಲ್: ನೋ-ಸ್ಟೋರ್’, ಅಂದರೆ ಇದನ್ನು ಸಂಗ್ರಹಿಸಕೂಡದು ಎಂಬ ಗುರುತು ಇದ್ದಿತು, ಅದಲ್ಲದೆ ಬಂದ ಅಂಕಿಯೇ ಸರಿಯಾಗಿತ್ತಲ್ಲ! ಮುಂದೆ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರು ೧೯೯೮ರಲ್ಲಿ ಹೊರತಂದ ‘ಕರ್ಲ್’ ಎಂಬ ಸಾಧನದಿಂದ ಅದೇ ಹೆಡ್ ಕೋರಿಕೆಯನ್ನು ಕಳುಹಿಸಿ, ಬಂದ ಅಂಕಿಯಿಂದಲೇ ಒಂದು ತುಂಡನ್ನು ಕಳುಹಿಸಿ ನೋಡಿದೆವು. ಸರ್ವರು ಮರುಮಾತಿಲ್ಲದೆ ಸ್ವೀಕರಿಸಿತು. ಕರ್ಲ್‌ಗೆ ಆಗುವುದು ಬ್ರೌಸರಿನ ಪ್ರೋಗ್ರಾಮಿಗೆ ಆಗುವುದಿಲ್ಲವೆಂದ ಮೇಲೆ, ದೋಷವನ್ನು ಬ್ರೌಸರಿನ ಕಟ್ಟಳೆಗಳಲ್ಲಿ ಹುಡುಕಬೇಕು.

ಆ ಕಟ್ಟಳೆ ಹೀಗಿದೆ. ನಮ್ಮ ಪುಟವು ತೆರೆದುಕೊಂಡದ್ದು ಒಂದು ವಿಳಾಸದಿಂದ. ಕಡತ ಸೇರುವ ಸರ್ವರು ಇರುವುದು ಇನ್ನೊಂದು ವಿಳಾಸದಲ್ಲಿ. ಒಂದು ಮನೆಯ ಪುಟವು ಇನ್ನೊಂದು ಮನೆಯ ಉತ್ತರವನ್ನು ಮನಬಂದಂತೆ ಓದಲು ಬ್ರೌಸರು ಬಿಡುವುದಿಲ್ಲ. ಬಿಟ್ಟರೆ ಯಾವುದೋ ಅಪರಿಚಿತ ಪುಟವು ನಿಮ್ಮ ತಂದೆಯವರ ಬ್ಯಾಂಕಿನ ಲೆಕ್ಕವನ್ನು ಓದೀತು. ಆದುದರಿಂದ ಹೊರಮನೆಗೆ ವಿಶೇಷ ಹೆಡರುಗಳುಳ್ಳ ಕೋರಿಕೆಯನ್ನು ಕಳುಹಿಸುವ ಮೊದಲು ಬ್ರೌಸರು ‘ಆಪ್ಷನ್ಸ್’ ಎಂಬ ಕೋರಿಕೆಯಿಂದ ಅಪ್ಪಣೆ ಕೇಳುತ್ತದೆ. ಸರ್ವರು ‘ಆಕ್ಸೆಸ್-ಕಂಟ್ರೋಲ್-ಅಲೌ-ಹೆಡರ್ಸ್’ ಎಂಬ ಪಟ್ಟಿಯಲ್ಲಿ ಯಾವ ಹೆಡರುಗಳು ಬರಬಹುದೆಂದು ಹೇಳುತ್ತದೆ. ಇದು ಹೋಗುವ ದಾರಿಯ ಅಪ್ಪಣೆ. ಅದು ನಮ್ಮಲ್ಲಿ ಸರಿಯಾಗಿಯೇ ಇದ್ದಿತು. ಬರುವ ದಾರಿಗೆ ಇನ್ನೊಂದು ಅಪ್ಪಣೆ ಬೇಕು. ಉತ್ತರದ ಹೆಡರುಗಳಲ್ಲಿ ‘ಕಂಟೆಂಟ್-ಟೈಪ್’, ‘ಕಂಟೆಂಟ್-ಲೆಂಗ್ತ್’ ಮೊದಲಾದ ಕೆಲವೇ ಸಾಮಾನ್ಯವಾದುವನ್ನು ಪ್ರೋಗ್ರಾಮು ಓದಬಹುದು. ಉಳಿದುವನ್ನು ಓದಬೇಕಾದರೆ ಸರ್ವರು ಅವುಗಳ ಹೆಸರನ್ನು ‘ಆಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್’ ಎಂಬ ಪಟ್ಟಿಯಲ್ಲಿ ಸೇರಿಸಿರಬೇಕು. ನಮ್ಮ ಸರ್ವರಿನ ಆ ಪಟ್ಟಿಯಲ್ಲಿ ‘ಲೊಕೇಶನ್’ ಇದ್ದಿತು, ‘ಅಪ್‌ಲೋಡ್-ಆಫ್‌ಸೆಟ್’ ಇರಲಿಲ್ಲ.

ಅಂಕಿ ಮನೆಬಾಗಿಲಿಗೆ ಬಂದಿತ್ತು. ನೆಟ್‌ವರ್ಕ್ ಪುಟವು ಮನೆಯ ಯಜಮಾನನಿಗಾಗಿರುವುದರಿಂದ ನಮಗೆ ಕಾಣುತ್ತಿತ್ತು. ಪ್ರೋಗ್ರಾಮು ಕೇಳಿದಾಗ ಮಾತ್ರ ಬ್ರೌಸರು ‘ಅಂಥ ಹೆಡರಿಲ್ಲ’ ಎಂದು ಬರಿಗೈ ತೋರಿಸುತ್ತಿತ್ತು. ‘ಇಲ್ಲ’ ಎಂಬುದನ್ನು ಸಂಖ್ಯೆಯಾಗಿಸೆಂದು ಕೇಳಿದರೆ ಜಾವಾಸ್ಕ್ರಿಪ್ಟ್ ಭಾಷೆಯು, ದೋಷವೆಂದು ಹೇಳುವ ಬದಲು, ಸೊನ್ನೆಯನ್ನು ಕೊಡುತ್ತದೆ. ಏನೂ ತಿಳಿಯದು ಎಂಬುದಕ್ಕೂ ಏನೂ ಬಂದಿಲ್ಲ ಎಂಬುದಕ್ಕೂ ಭೂಮ್ಯಾಕಾಶಗಳ ಅಂತರ. ಆ ಅಂತರವು ಒಂದು ಸೊನ್ನೆಯೊಳಗೆ ಕರಗಿಹೋಗಿತ್ತು. ಚಿಕ್ಕ ಕಡತಗಳನ್ನು ಕಳುಹಿಸಿ ಪರೀಕ್ಷಿಸಿದಾಗ ಈ ದೋಷ ಏಕೆ ಕಾಣಲಿಲ್ಲವೆಂದು ನೀವು ಕೇಳಬಹುದು. ಸಂಪರ್ಕ ಕಡಿಯದಿದ್ದರೆ ಪ್ರೋಗ್ರಾಮು ತನ್ನ ಎಣಿಕೆಯಿಂದಲೇ ಮುಂದೆ ಸಾಗುತ್ತಿತ್ತು; ಸರ್ವರನ್ನು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಯಾವ ಆಪತ್ತಿಗೆಂದು ಆ ಏರ್ಪಾಡನ್ನು ಮಾಡಿದ್ದರೋ ಆ ಆಪತ್ತನ್ನು ತಂದು ಯಾರೂ ಪರೀಕ್ಷಿಸಿರಲಿಲ್ಲ.

ತಿದ್ದುಪಡಿ ಎರಡು ಸಾಲಿನದು. ಸರ್ವರಿನ ಪಟ್ಟಿಗೆ ಆ ಹೆಸರನ್ನು ಸೇರಿಸಲಾಯಿತು. ಹೆಡರು ಕಾಣದಿದ್ದರೆ ಸೊನ್ನೆಯೆಂದು ಭಾವಿಸದೆ ನಿಂತು ಹೇಳಬೇಕೆಂದು ಪ್ರೋಗ್ರಾಮಿಗೆ ಕಲಿಸಲಾಯಿತು. ಎರಡನೆಯದು ಮೊದಲನೆಯದಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ಅಂದು ಸಂಜೆ ಕಡತವನ್ನು ಹೊಸದಾಗಿ ಹೊರಡಿಸಿದೆವು. ಮಳೆ ಬಿಡಲಿಲ್ಲ. ಸಂಪರ್ಕವು ನಾಲ್ಕು ಸಲ ಕಡಿಯಿತು. ನಾಲ್ಕು ಸಲವೂ ಪಟ್ಟಿಯು ಸ್ವಲ್ಪ ತಡೆದು, ನಿಂತಲ್ಲಿಂದಲೇ ಮುಂದೆ ಸರಿಯಿತು. ರಾತ್ರಿ ಒಂಬತ್ತರ ಸುಮಾರಿಗೆ ಕೊನೆಯ ಪ್ಯಾಚ್ ಕೋರಿಕೆಗೆ ೨೦೪ ಎಂಬ ಉತ್ತರ ಬಂದಿತು. ಅದರ ಆಫ್‌ಸೆಟ್ಟು ೪೮೨೩೫೧೬೧೭.

ಗಾತ್ರ ಸರಿಯಾದ ಮಾತ್ರಕ್ಕೆ ಒಳಗಿನದೆಲ್ಲ ಸರಿಯೆನ್ನಲಾಗದು. ಎಸ್‌ಎಚ್‌ಎ-೨೫೬ ಎಂಬ ಲೆಕ್ಕವನ್ನು ಈಚೆಯ ಕಡತಕ್ಕೂ ಆಚೆಯ ಕಡತಕ್ಕೂ ಮಾಡಿಸಿದೆವು. ಎಷ್ಟು ದೊಡ್ಡ ಕಡತವಾದರೂ ಅದು ೬೪ ಚಿಹ್ನೆಗಳ ಒಂದು ಸಾಲನ್ನು ಕೊಡುತ್ತದೆ. ಕಡತದಲ್ಲಿ ಒಂದು ಬೈಟು ಬದಲಾದರೂ ಸಾಲು ಬೇರೆಯಾಗುತ್ತದೆ. ಒಬ್ಬನು ಒಂದು ಸಾಲನ್ನು ಗಟ್ಟಿಯಾಗಿ ಓದಿದನು, ಇನ್ನೊಬ್ಬಳು ಎರಡನೆಯ ಸಾಲಿನ ಮೇಲೆ ಬೆರಳಿಟ್ಟು ಹೋದಳು. ಅರವತ್ತನಾಲ್ಕೂ ಹೊಂದಿದುವು.

ಮರುದಿನ ಸಂಪುಟಗಳನ್ನು ಬಟ್ಟೆಯಲ್ಲಿ ಸುತ್ತಿ ವೃದ್ಧರ ಮನೆಗೆ ಒಯ್ದೆವು. ಅವರು ೧೯೫೯ರ ಸಂಚಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಂಟನೆಯ ಇಯತ್ತೆಯಲ್ಲಿ ತಾವು ಬರೆದ ಪ್ರವಾಸ ಲೇಖನವೂ ಬಂದಿದೆಯೇ ಎಂದು ವಿಚಾರಿಸಿದರು. ಬಂದಿದೆಯೆಂದು ಹೇಳಿ, ಅಲ್ಲಿಯೇ ಮೊಬೈಲಿನಲ್ಲಿ ಸರ್ವರಿನ ಪ್ರತಿಯನ್ನು ತೆರೆದು ಆ ಪುಟವನ್ನು ತೋರಿಸಿದೆವು.